ಹೂವಿದ್ದೂ ಕಾಯಿಲ್ಲದ ಬಳ್ಳಿ: ವೆನಿಲ್ಲಾ ಹೂವಿನ ಜನನಾಂಗಗಳ ಕುರಿತು ಒಂದು ಪ್ರಕರಣ ಅಧ್ಯಯನ

ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿನ ಪೂರ್ವಕ್ಕಿರುವ ರಿಯೂನಿಯನ್ ದ್ವೀಪಕ್ಕೆ 1848ಕ್ಕೆ ಮುಂಚೆ ಬೂರ್ಬೋನ್ ಎಂಬ ಹೆಸರಿತ್ತು. ಫ್ರೆಂಚರ ವಸಾಹತಾಗಿದ್ದ ಈ ದ್ವೀಪಕ್ಕೆ 1820ರ ಆಸುಪಾಸಿನಲ್ಲಿ ವೆನಿಲ್ಲಾ ಬಳ್ಳಿಯ ತುಂಡುಗಳನ್ನು ತಂದು ನೆಟ್ಟರು. ಬಳ್ಳಿಯ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳು. ಅಲ್ಲಿನ ಟೊಟೊನಾಕ್ ಜನ ಅದರ ಪರಿಮಳದ ಕೋಡುಗಳನ್ನು ಯುರೋಪಿನವರು ಬರುವುದಕ್ಕೆ ಬಹಳ ಮೊದಲೇ ಬಳಸುತ್ತಿದ್ದರು. ಆ ಕೋಡುಗಳಿಗೆ ಯುರೋಪಿನಲ್ಲಿ ಒಳ್ಳೆಯ ಬೆಲೆಯಿದ್ದುದರಿಂದ ಹೊಸ ನೆಲದಲ್ಲೂ ಅವುಗಳನ್ನು ಬೆಳೆಯಬೇಕೆಂಬ ಆಸೆ ಸಹಜವಾಗಿತ್ತು. ಬಳ್ಳಿಯೇನೋ ಹೊಸ ನೆಲಕ್ಕೆ ಒಗ್ಗಿಕೊಂಡಿತು, ಆಸರೆಯ ಮರಗಳನ್ನು ತಬ್ಬಿ ಹಬ್ಬಿತು, ಹೂವನ್ನೂ ಬಿಟ್ಟಿತು. ಆದರೆ ಆ ಹೂಗಳೆಲ್ಲ ಬೆಳಿಗ್ಗೆ ಅರಳಿ, ಮಧ್ಯಾಹ್ನದ ಹೊತ್ತಿಗೆ ಬಾಡಿ, ಮರುದಿನ ಉದುರಿಹೋಗುತ್ತಿದ್ದವು. ದ್ವೀಪದ ಸೇಂತ್-ಸೂಝಾನ್ ಭಾಗದಲ್ಲಿ ತೋಟ ಹೊಂದಿದ್ದ ಫೆರಿಯೋಲ್ ಬೆಲಿಯೇ-ಬೋಮೋಂ ಎಂಬಾತನ ಬಳ್ಳಿಯೂ ಹೀಗೆಯೇ ಸುಮಾರು ಎರಡು ದಶಕಗಳ ಕಾಲ ಒಂದು ಕಾಯಿಯನ್ನೂ ಕೊಡದೆ ನಿಂತಿತ್ತು.

1841ರಲ್ಲಿ ಅದೇ ಬಳ್ಳಿಯಲ್ಲಿ ಕಾಯಿ ಕಾಣಿಸಿಕೊಂಡಿತು. ಅದಕ್ಕೆ ಕಾರಣನಾದವನು ಆ ತೋಟದಲ್ಲಿ ಗುಲಾಮನಾಗಿದ್ದ, ಆಗಿನ್ನೂ ಹನ್ನೆರಡರ ಪ್ರಾಯದ ಎಡ್ಮಂಡ್ ಎಂಬ ಹುಡುಗ. ಆತ ಬಳ್ಳಿಗೆ ಗೊಬ್ಬರ ಹಾಕಿರಲಿಲ್ಲ, ನೀರಿನ ಕ್ರಮವನ್ನು ಬದಲಿಸಿರಲಿಲ್ಲ. ಹೂವಿನೊಳಗಿನ ಎರಡು ಅಂಗಗಳನ್ನು ಒಂದಕ್ಕೊಂದು ತಾಗಿಸಿದ್ದನಷ್ಟೇ. ಈ ಪ್ರಕರಣವನ್ನು ಇಲ್ಲಿ ವಿವರವಾಗಿ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಗಂಡು ಭಾಗ, ಹೆಣ್ಣು ಭಾಗ ಎಂದು ಹೂವಿನ ಅಂಗಗಳ ಹೆಸರುಗಳನ್ನು ಒಪ್ಪಿಸಿಬಿಟ್ಟರೆ ಹೂವು ಅರ್ಥವಾದಂತೆ ನಮಗೆ ತೋರುತ್ತದೆ. ಅಂಗಗಳು ಇವೆಯೇ ಎಂಬ ಪ್ರಶ್ನೆಗಿಂತ ಅವುಗಳ ನಡುವಿನ ದಾರಿ ಹೇಗಿದೆ ಎಂಬ ಪ್ರಶ್ನೆ ದೊಡ್ಡದೆಂಬುದನ್ನು ವೆನಿಲ್ಲಾದಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಹೂವು ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಸಂದೇಹಗಳು

ಹೂ ಬಿಟ್ಟ ಗಿಡ ಕಾಯಿ ಕಟ್ಟದಿದ್ದಾಗ ಮೊದಲು ಸಂದೇಹ ಹೋಗುವುದು ಮಣ್ಣು, ನೀರು, ಹವೆ ಮತ್ತು ಗಿಡದ ಪ್ರಾಯದ ಕಡೆಗೆ. ಈ ಪ್ರಕರಣದಲ್ಲಿ ಇವು ಯಾವುವೂ ನಿಲ್ಲುವುದಿಲ್ಲ. ತುಂಡು ನೆಟ್ಟು ಮೂರು ವರ್ಷದ ಹೊತ್ತಿಗೆ ವೆನಿಲ್ಲಾ ಸಾಮಾನ್ಯವಾಗಿ ಹೂ ಬಿಡುತ್ತದೆ; ಆದ್ದರಿಂದ ಪ್ರಾಯದ ಕೊರತೆ ಇರಲಿಲ್ಲ. ವರ್ಷವರ್ಷವೂ ಗೊಂಚಲುಗಟ್ಟಲೆ ಹೂ ಬರುತ್ತಿದ್ದುದರಿಂದ ಬಳ್ಳಿ ಸೊರಗಿತ್ತೆಂದೂ ಹೇಳುವಂತಿರಲಿಲ್ಲ. ಬೇರೆ ಕೆಲವು ಸಸ್ಯಗಳಲ್ಲಿ ಗಂಡು ಹೂವಿನ ಗಿಡವೇ ಬೇರೆ, ಹೆಣ್ಣು ಹೂವಿನ ಗಿಡವೇ ಬೇರೆ. ಪಪ್ಪಾಯಿ, ಖರ್ಜೂರಗಳಲ್ಲಿ ಹೀಗಿರುವುದು ಸಾಮಾನ್ಯ. ಅಂಥಲ್ಲಿ ಒಂದೇ ಲಿಂಗದ ಗಿಡಗಳಿದ್ದರೆ ಕಾಯಿ ಆಗದಿರುವುದರಲ್ಲಿ ಆಶ್ಚರ್ಯವಿಲ್ಲ. ವೆನಿಲ್ಲಾ ಹಾಗಲ್ಲ. ಅದರ ಪ್ರತಿಯೊಂದು ಹೂವೂ ದ್ವಿಲಿಂಗಿ. ಪರಾಗ ಕೊಡುವ ಅಂಗವೂ ಪರಾಗ ಸ್ವೀಕರಿಸುವ ಅಂಗವೂ ಅದರಲ್ಲಿ ಒಟ್ಟಿಗೇ ಇವೆ, ಅದೂ ಕೆಲವೇ ಮಿಲಿಮೀಟರುಗಳ ಅಂತರದಲ್ಲಿ.

ಉಳಿಯುವ ಇನ್ನೊಂದು ಸಂದೇಹ ಸ್ವಲ್ಪ ಸೂಕ್ಷ್ಮವಾದದ್ದು. ಸೇಬಿನ ಬಹುತೇಕ ತಳಿಗಳಲ್ಲಿ ತನ್ನದೇ ಪರಾಗ ತನ್ನದೇ ಶಲಾಕಾಗ್ರದ, ಅಂದರೆ ಪರಾಗ ಸ್ವೀಕರಿಸುವ ತುದಿಯ, ಮೇಲೆ ಬಿದ್ದರೂ ಒಳಗಿನ ರಾಸಾಯನಿಕ ವ್ಯವಸ್ಥೆ ಅದನ್ನು ಗುರುತಿಸಿ ಬೆಳೆಯಗೊಡುವುದಿಲ್ಲ. ವೆನಿಲ್ಲಾದಲ್ಲೂ ಇಂಥ ಸ್ವವಿರೋಧವಿದ್ದಿದ್ದರೆ, ಒಂದೇ ಬಳ್ಳಿಯ ತುಂಡುಗಳಿಂದ ಬೆಳೆದ ತೋಟದಲ್ಲಿ ಯಾರು ಏನು ಮಾಡಿದರೂ ಫಲ ಸಿಗುತ್ತಿರಲಿಲ್ಲ. ಹುಡುಗ ತಾಗಿಸಿದ ಹೂವು ಕಾಯಿ ಕಟ್ಟಿದ್ದೇ ಈ ಸಂದೇಹಕ್ಕೆ ಉತ್ತರ: ತನ್ನ ಪರಾಗವನ್ನು ಸ್ವೀಕರಿಸಲು ಈ ಹೂವಿಗೆ ಯಾವ ಅಡ್ಡಿಯೂ ಇಲ್ಲ. ಹಾಗಾದರೆ ತಡೆ ಇರುವುದು ಹೂವಿನ ರಚನೆಯಲ್ಲೇ.

ಹೂವನ್ನು ಬಿಡಿಸಿ ನೋಡಿದಾಗ

ಸಾಮಾನ್ಯ ಹೂವೊಂದರಲ್ಲಿ, ಉದಾಹರಣೆಗೆ ದಾಸವಾಳದಲ್ಲೋ ಸಾಸಿವೆಯಲ್ಲೋ, ಅಂಗಗಳನ್ನು ಗುರುತಿಸುವುದು ಕಷ್ಟವಲ್ಲ. ಹೊರಗೆ ಹಸಿರು ಪುಷ್ಪಪತ್ರಗಳು, ಅವುಗಳ ಒಳಗೆ ದಳಗಳು, ದಳಗಳ ಒಳಗೆ ಕೇಸರಗಳು, ನಟ್ಟನಡುವೆ ಶಲಾಕೆ. ಕೇಸರವೆಂದರೆ ಒಂದು ಎಳೆ ಮತ್ತು ಅದರ ತುದಿಯ ಪರಾಗಕೋಶ. ಶಲಾಕೆಯಲ್ಲಿ ಮೂರು ಭಾಗಗಳಿವೆ: ಪರಾಗ ಬಂದು ಅಂಟುವ ಶಲಾಕಾಗ್ರ, ಅದರಿಂದ ಕೆಳಕ್ಕಿಳಿಯುವ ಶಲಾಕಾನಳಿಕೆ, ಬುಡದಲ್ಲಿ ಅಂಡಕಗಳನ್ನು ಹೊತ್ತ ಅಂಡಾಶಯ. ಮುಂದೆ ಬೀಜವಾಗುವುದು ಅಂಡಕ, ಕಾಯಿಯಾಗುವುದು ಅಂಡಾಶಯ.

ವೆನಿಲ್ಲಾ ಹೂವನ್ನು ಕೈಗೆತ್ತಿಕೊಂಡರೆ ಈ ಚಿತ್ರ ಎಲ್ಲಿಯೂ ಸಿಗುವುದಿಲ್ಲ. ಹಸಿರು ಮಿಶ್ರಿತ ಹಳದಿ ಬಣ್ಣದ, ಹೆಚ್ಚುಕಡಿಮೆ ಒಂದೇ ಬಗೆಯ ಐದು ಉದ್ದನೆಯ ಎಸಳುಗಳು ಸುತ್ತ ಹರಡಿಕೊಂಡಿರುತ್ತವೆ. ಅವುಗಳಲ್ಲಿ ಮೂರು ಪುಷ್ಪಪತ್ರಗಳು, ಎರಡು ದಳಗಳು. ಮೂರನೆಯ ದಳ ಇವೆಲ್ಲಕ್ಕಿಂತ ಬೇರೆಯಾಗಿ, ಅಂಚು ನಿರಿಗೆಗಟ್ಟಿ, ಕೊಳವೆಯಾಗಿ ಸುತ್ತಿಕೊಂಡಿರುತ್ತದೆ. ವೆನಿಲ್ಲಾ ಸೇರಿರುವ ಆರ್ಕಿಡ್ ಕುಟುಂಬದ ಹೂಗಳಲ್ಲಿ ಈ ವಿಶೇಷ ದಳವನ್ನು ತುಟಿ ಎನ್ನುತ್ತಾರೆ. ಹೊರನೋಟಕ್ಕೆ ಕೇಸರವೂ ಇಲ್ಲ, ಶಲಾಕೆಯೂ ಇಲ್ಲ. ಇನ್ನು ಅಂಡಾಶಯವನ್ನು ಹೂವಿನ ಒಳಗೆ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ, ಏಕೆಂದರೆ ಹೂವಿನ ಹಿಂದೆ ತೊಟ್ಟಿನಂತೆ ತೋರುವ, ಬೆರಳುದ್ದದ ಹಸಿರು ಭಾಗವೇ ಅಂಡಾಶಯ. ಪುಷ್ಪಪತ್ರ, ದಳಗಳೆಲ್ಲ ಅದರ ತಲೆಯ ಮೇಲಿಂದ ಹೊರಡುತ್ತವೆ. ಸಸ್ಯಶಾಸ್ತ್ರದಲ್ಲಿ ಇದನ್ನು ಕೆಳಸ್ಥಾನದ ಅಂಡಾಶಯ ಎಂದು ಗುರುತಿಸುತ್ತಾರೆ.

ತುಟಿಯ ಕೊಳವೆಯನ್ನು ಒಂದು ಬದಿಯಲ್ಲಿ ಉದ್ದಕ್ಕೆ ಸೀಳಿ ಮೆಲ್ಲಗೆ ಹಿಂದಕ್ಕೆ ಮಡಚಿದಾಗ ಒಳಗಡೆ ತಿಳಿಬಣ್ಣದ, ಮುಂದಕ್ಕೆ ಚಾಚಿದ ಒಂದು ಕಂಬ ಕಾಣುತ್ತದೆ. ಇದೇ ಸ್ತಂಭ. ಕೇಸರ ಮತ್ತು ಶಲಾಕೆಗಳು ಬೆಸೆದು ಒಂದೇ ಆಗಿಹೋದ ಅಂಗವಿದು. ಆರ್ಕಿಡ್‌ಗಳ ಗುರುತೇ ಇದು. ಈ ಗುಂಪಿನ ಪೂರ್ವಜರಿಗೆ ಆರು ಕೇಸರಗಳಿದ್ದವೆಂದು ಸಸ್ಯವಿಜ್ಞಾನಿಗಳು ತಿಳಿಯುತ್ತಾರೆ; ವೆನಿಲ್ಲಾದಲ್ಲಿ ಅವುಗಳ ಪೈಕಿ ಪರಾಗ ಕೊಡುವುದಾಗಿ ಉಳಿದಿರುವುದು ಒಂದೇ. ಸ್ತಂಭದ ತುದಿಯಲ್ಲಿ ಮುಚ್ಚಳವಿರುವ ಪರಾಗಕೋಶ ಕೂತಿದೆ. ಮುಚ್ಚಳವನ್ನು ಸೂಜಿಯ ಮೊನೆಯಿಂದ ಎತ್ತಿದರೆ ಹಳದಿ ಪರಾಗ ಪುಡಿಯಾಗಿ ಉದುರದೆ ಅಂಟಂಟಾದ ಮೆತ್ತನೆಯ ಮುದ್ದೆಯಾಗಿ ಸೂಜಿಗೆ ಹತ್ತಿಕೊಳ್ಳುತ್ತದೆ. ಗಾಳಿಗೆ ಹಾರಿಹೋಗುವ ಪರಾಗವಲ್ಲ ಇದು, ಯಾರಾದರೂ ಹೊತ್ತೊಯ್ಯಬೇಕು. ಹೀಗೆ ಮುದ್ದೆಯಾಗಿರುವುದಕ್ಕೂ ಅರ್ಥವಿದೆ. ಅಂಡಾಶಯದೊಳಗೆ ಸಾವಿರಾರು ಅಂಡಕಗಳು ಬೆಳೆಯಬೇಕಿದ್ದು, ಪ್ರತಿ ಅಂಡಕಕ್ಕೂ ಒಂದೊಂದು ಪರಾಗರೇಣು ಬೇಕು. ಬರುವುದೇ ಅಪರೂಪವಾದ ಕೀಟವೊಂದು ಒಮ್ಮೆ ಬಂದುಹೋದರೆ ಅಷ್ಟೂ ಪರಾಗ ಒಟ್ಟಿಗೆ ತಲುಪಿಬಿಡುತ್ತದೆ.

ಪರಾಗಕೋಶದ ತುಸು ಕೆಳಗೆ, ಸ್ತಂಭದ ಅಡಿಬದಿಯಲ್ಲಿ, ತೇವದಿಂದ ಹೊಳೆಯುವ ಒಂದು ತಗ್ಗು ಇದೆ. ಅದೇ ಶಲಾಕಾಗ್ರ. ಈ ಎರಡರ ನಡುವೆ, ಸೂರಿನಿಂದ ಇಳಿಬಿಟ್ಟ ತಟ್ಟಿಯ ಹಾಗೆ, ಒಂದು ತೆಳುವಾದ ಪೊರೆ ಶಲಾಕಾಗ್ರವನ್ನು ಮರೆಮಾಡಿ ಜೋತುಬಿದ್ದಿರುತ್ತದೆ. ಇದರ ಹೆಸರು ರೋಸ್ಟೆಲ್ಲಮ್. ಇಡೀ ಪ್ರಕರಣದ ಗಂಟು ಇರುವುದು ಈ ಪೊರೆಯಲ್ಲಿ. ವಿಚಿತ್ರವೆಂದರೆ ಇದು ಹೊರಗಿನಿಂದ ಬಂದು ಸೇರಿದ ಅಂಗವಲ್ಲ. ಶಲಾಕಾಗ್ರದ ಮೂರು ಹಾಲೆಗಳಲ್ಲಿ ಒಂದರ ಭಾಗವೇ ರೂಪಾಂತರಗೊಂಡು ರೋಸ್ಟೆಲ್ಲಮ್ ಆಗಿದೆ. ಪರಾಗವನ್ನು ಸ್ವೀಕರಿಸಬೇಕಾದ ಅಂಗದ ಒಂದು ತುಣುಕೇ ಪಕ್ಕದ ಪರಾಗವನ್ನು ತಡೆಯುವ ಕೆಲಸಕ್ಕೆ ನಿಂತಿದೆ.

ತಡೆ ಯಾರಿಗಾಗಿ

ಇದನ್ನು ರಚನೆಯ ದೋಷವೆಂದು ತಿಳಿಯಬಾರದು. ಸ್ವಪರಾಗಸ್ಪರ್ಶದಿಂದ ಹುಟ್ಟುವ ಸಂತತಿಯಲ್ಲಿ ವೈವಿಧ್ಯ ಕಡಿಮೆ. ಬೇರೆ ಗಿಡದ ಪರಾಗ ಬಂದರೆ ಗುಣಗಳು ಬೆರೆಯುತ್ತವೆ. ಆದ್ದರಿಂದ ದ್ವಿಲಿಂಗಿ ಹೂಗಳಲ್ಲಿ ತನ್ನ ಪರಾಗ ತನಗೇ ತಾಗದಿರಲು ಬಗೆಬಗೆಯ ಏರ್ಪಾಡುಗಳಿವೆ. ಸೂರ್ಯಕಾಂತಿಯ ಪ್ರತಿಯೊಂದು ಪುಟ್ಟ ಹೂವಿನಲ್ಲೂ ಮೊದಲು ಪರಾಗ ಹೊರಬಿದ್ದು ಆಮೇಲೆ ಶಲಾಕಾಗ್ರ ತೆರೆದುಕೊಳ್ಳುತ್ತದೆ. ಸೇಬಿನಂಥವುಗಳಲ್ಲಿ ತಡೆ ರಾಸಾಯನಿಕ. ವೆನಿಲ್ಲಾದಲ್ಲಿ ತಡೆ ಕೇವಲ ಒಂದು ಪೊರೆ.

ಕೀಟವೊಂದು ಬಂದಾಗ ಆ ಪೊರೆ ಹೇಗೆ ವರ್ತಿಸುತ್ತದೆ ಎಂಬುದನ್ನು ಗಮನಿಸಿದರೆ ಅದರ ಜಾಣತನ ತಿಳಿಯುತ್ತದೆ. ತುಟಿಯ ಕೊಳವೆ ಸ್ತಂಭಕ್ಕೆ ಬೆಸೆದುಕೊಂಡಿರುವುದರಿಂದ ಒಳಹೋಗುವ ದಾರಿ ಇಕ್ಕಟ್ಟು. ಕೊಳವೆಯ ನೆಲದಲ್ಲಿ ಹಿಮ್ಮುಖವಾಗಿ ಚಾಚಿದ ಹುರುಪೆಗಳ ಒಂದು ಕುಚ್ಚು ಬೇರೆ ಇದೆ. ಸರಿಯಾದ ಗಾತ್ರದ ಜೇನ್ನೊಣ ಒಳಗೆ ನುಗ್ಗುವಾಗ ಅದರ ಬೆನ್ನು ಪೊರೆಯನ್ನು ಒತ್ತಿ ಸವರಿಕೊಂಡು ಹೋಗುತ್ತದೆ. ಹೊರಬರಲು ತಿರುಗುವಷ್ಟು ಜಾಗವಿಲ್ಲದ್ದರಿಂದ ಹಿಂದು ಹಿಂದಕ್ಕೇ ಸರಿಯಬೇಕು. ಆಗ ಬೆನ್ನು ಪೊರೆಯನ್ನು ಮೇಲಕ್ಕೆತ್ತಿ ಪರಾಗಕೋಶಕ್ಕೆ ಉಜ್ಜುತ್ತದೆ, ಪರಾಗದ ಮುದ್ದೆ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಅದೇ ನೊಣ ಮತ್ತೊಂದು ಹೂವಿನೊಳಕ್ಕೆ ಹೋದಾಗ ಬೆನ್ನ ಮೇಲಿನ ಪರಾಗ ಅಲ್ಲಿನ ಶಲಾಕಾಗ್ರದ ಅಂಟಿಗೆ ಸಿಕ್ಕಿಕೊಳ್ಳುತ್ತದೆ. ತನ್ನ ಪರಾಗಕ್ಕೆ ಮುಚ್ಚಿದ ದಾರಿ ಪರರ ಪರಾಗಕ್ಕೆ ತೆರೆದುಕೊಳ್ಳುವುದು ಹೀಗೆ.

ಆ ನೊಣ ಯಾವುದೆಂಬ ಬಗ್ಗೆ ಹಳೆಯ ಬರಹಗಳೆಲ್ಲ ಮೆಲಿಪೋನಾ ಎಂಬ ಚುಚ್ಚದ ಜೇನನ್ನು ಹೆಸರಿಸುತ್ತವೆ. ಈಗ ಸಂಶೋಧಕರ ಒಲವು ಅದಕ್ಕಿಂತ ದೊಡ್ಡದಾದ, ಲೋಹದ ಹೊಳಪುಳ್ಳ ಯೂಗ್ಲಾಸೀನ್ ಜೇನುಗಳ ಕಡೆಗಿದೆ. ಅವು ಅಮೆರಿಕ ಖಂಡಗಳ ಉಷ್ಣ ಪ್ರದೇಶಕ್ಕೆ ಸೇರಿದವು. ಬೂರ್ಬೋನ್ ದ್ವೀಪಕ್ಕೆ ಬಳ್ಳಿ ಹಡಗಿನಲ್ಲಿ ಬಂದಿತ್ತು, ಜೇನು ಬಂದಿರಲಿಲ್ಲ. ತವರಿನಲ್ಲಿಯೂ ಈ ಹೂವಿನ ಭಾಗ್ಯ ಅಷ್ಟೇನೂ ದೊಡ್ಡದಲ್ಲ: ಕಾಡಿನಲ್ಲಿ ತಾನಾಗಿ ಕಾಯಿ ಕಟ್ಟುವ ಹೂಗಳು ನೂರಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಪ್ರತಿ ಕಾಯಿಯಲ್ಲೂ ಸಾವಿರಾರು ಬೀಜಗಳಿರುವುದರಿಂದ ಬಳ್ಳಿಗೆ ಅಷ್ಟು ಸಾಕಾಗುತ್ತದೆ. ಕೃಷಿಕನಿಗೆ ಸಾಲದು.

ಲೀಯೇಜ್‌ನಿಂದ ಸೇಂತ್-ಸೂಝಾನ್‌ವರೆಗೆ

ಸಸ್ಯಗಳಲ್ಲಿ ಗಂಡು-ಹೆಣ್ಣು ಅಂಗಗಳಿವೆಯೆಂಬುದನ್ನು ಜರ್ಮನಿಯ ಕಮೆರಾರಿಯಸ್ 1694ರಲ್ಲೇ ಪ್ರಯೋಗಗಳ ಆಧಾರದಿಂದ ತಿಳಿಸಿದ್ದ. ಪರಾಗಸ್ಪರ್ಶದಲ್ಲಿ ಕೀಟಗಳ ಪಾತ್ರವನ್ನು ಸ್ಪ್ರೆಂಗೆಲ್ 1793ರಲ್ಲಿ ವಿಸ್ತಾರವಾಗಿ ಬರೆದಿದ್ದ. ಆದ್ದರಿಂದ ವೆನಿಲ್ಲಾದ ಒಗಟನ್ನು ಬಿಡಿಸಲು ಬೇಕಾದ ತಿಳಿವಳಿಕೆ ಯುರೋಪಿನಲ್ಲಿ ಆಗಲೇ ಇತ್ತು. 1836ರಲ್ಲಿ ಬೆಲ್ಜಿಯಂನ ಲೀಯೇಜ್ ನಗರದಲ್ಲಿ ಶಾರ್ಲ್ ಮೋರಾಂ ಎಂಬ ಸಸ್ಯವಿಜ್ಞಾನಿ ಗಾಜಿನಮನೆಯ ಬಳ್ಳಿಗೆ ಕೃತಕ ಪರಾಗಸ್ಪರ್ಶ ಮಾಡಿ ಕಾಯಿ ಪಡೆದ. ಕೀಟದ ಕೊರತೆಯೇ ಕಾರಣವೆಂಬುದು ಅಲ್ಲಿಗೆ ಸಿದ್ಧವಾಯಿತು. ಆದರೆ ಆ ವಿಧಾನ ತೋಟದಲ್ಲಿ ದಿನವೂ ನೂರಾರು ಹೂಗಳಿಗೆ ಮಾಡುವಂಥ ಕೆಲಸವಾಗಿ ಬೆಳೆಯಲಿಲ್ಲ.

ಎಡ್ಮಂಡ್‌ಗೆ ಶಾಲೆಯ ಓದು ಇರಲಿಲ್ಲ. ಹುಟ್ಟಿದ್ದು 1829ರಲ್ಲಿ, ಗುಲಾಮಗಿರಿಯಲ್ಲಿ. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಬೆಲಿಯೇ-ಬೋಮೋಂಗೆ ಗಿಡಗಳ ಹುಚ್ಚಿತ್ತು. ಹುಡುಗನನ್ನು ಜೊತೆಗಿಟ್ಟುಕೊಂಡು ತೋಟದಲ್ಲಿ ಸುತ್ತಾಡುತ್ತ, ಕುಂಬಳ-ಕಲ್ಲಂಗಡಿಯ ಜಾತಿಯ ಬಳ್ಳಿಯೊಂದರಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡುವುದನ್ನು ತೋರಿಸಿಕೊಟ್ಟಿದ್ದ. ಆ ಜಾತಿಯ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವನ್ನು ಕಿತ್ತು, ದಳ ಹರಿದು, ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಸವರಿದರೆ ಮುಗಿಯಿತು. ಎರಡೂ ಅಂಗಗಳು ಕಣ್ಣೆದುರಿಗೇ ಇವೆ, ಅಡ್ಡ ಯಾವುದೂ ಇಲ್ಲ. ಆ ಪಾಠವನ್ನು ವೆನಿಲ್ಲಾಕ್ಕೆ ಅನ್ವಯಿಸುವುದು ಕೇಳಿದಷ್ಟು ಸುಲಭವಲ್ಲ. ಮೊದಲು ಕೊಳವೆಯೊಳಗೆ ಅಡಗಿದ ಅಂಗಗಳು ಯಾವುವೆಂದು ಹುಡುಕಬೇಕು; ಕೇಸರವೂ ಶಲಾಕೆಯೂ ಬೆಸೆದುಹೋಗಿರುವಲ್ಲಿ ಯಾವುದು ಕೊಡುವ ಭಾಗ, ಯಾವುದು ಪಡೆಯುವ ಭಾಗ ಎಂದು ತಿಳಿಯಬೇಕು; ಆ ಮೇಲೆ ನಡುವಣ ಪೊರೆಯೇ ಅಡ್ಡಿಯೆಂದು ಕಂಡುಕೊಂಡು, ಹೂವಿಗೆ ಗಾಯವಾಗದಂತೆ ಅದನ್ನು ಸರಿಸುವ ಬಗೆಯನ್ನು ಯೋಚಿಸಬೇಕು. ಇಷ್ಟನ್ನೂ ಆ ಹುಡುಗ ತಾನೇ ಮಾಡಿದ. ಇದನ್ನು ಅದೃಷ್ಟದ ಆಟವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಒಂದು ಹೂವಿನಲ್ಲಿ ಕಲಿತ ತತ್ತ್ವವನ್ನು ತೀರಾ ಬೇರೆ ರಚನೆಯ ಇನ್ನೊಂದು ಹೂವಿನಲ್ಲಿ ಗುರುತಿಸಿದ ಶುದ್ಧ ಅವಲೋಕನ ಇದು.

ಆತನ ವಿಧಾನ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಡೆದುಬಂದಿದೆ. ಎಡಗೈಯಲ್ಲಿ ಹೂವನ್ನು ಹಿಡಿದು, ಚೂಪಾದ ಸಣ್ಣ ಕಡ್ಡಿಯಿಂದ ತುಟಿಯನ್ನು ಸೀಳಿ ಸ್ತಂಭವನ್ನು ಬಯಲು ಮಾಡುತ್ತಾರೆ. ಅದೇ ಕಡ್ಡಿಯ ತುದಿಯನ್ನು ರೋಸ್ಟೆಲ್ಲಮ್‌ನ ಅಡಿಗೆ ತೂರಿಸಿ ಅದನ್ನು ಮೇಲಕ್ಕೆ ಮಡಚುತ್ತಾರೆ. ಪೊರೆ ಸರಿದ ಕ್ಷಣದಲ್ಲೇ ಹೆಬ್ಬೆರಳಿನಿಂದ ಪರಾಗಕೋಶವನ್ನು ಕೆಳಕ್ಕೆ ಬಾಗಿಸಿ ಶಲಾಕಾಗ್ರದ ಮೇಲೆ ಮೆಲ್ಲಗೆ ಒತ್ತುತ್ತಾರೆ, ಕಡ್ಡಿಯನ್ನು ಎಳೆದುಕೊಳ್ಳುತ್ತಾರೆ. ಪರಾಗದ ಮುದ್ದೆ ಅಂಟಿನಲ್ಲಿ ಹೂತು ಅಲ್ಲೇ ಉಳಿಯುತ್ತದೆ. ಕೈ ಪಳಗಿದವರಿಗೆ ಒಂದು ಹೂವಿಗೆ ಕೆಲವೇ ಸೆಕೆಂಡು ಸಾಕು. ಒಂದು ದಿನದಲ್ಲಿ ಸಾವಿರಕ್ಕೂ ಹೆಚ್ಚು ಹೂಗಳನ್ನು ಮುಗಿಸುವವರಿದ್ದಾರೆ. ಆದರೆ ಎಲ್ಲವೂ ಬೆಳಗಿನ ಹೊತ್ತಿನಲ್ಲೇ ಆಗಬೇಕು. ಗೊಂಚಲಿನಲ್ಲಿ ದಿನಕ್ಕೆ ಸಾಮಾನ್ಯವಾಗಿ ಒಂದೊಂದೇ ಹೂವು ಅರಳುವುದರಿಂದ ಹೂಗಾಲ ಮುಗಿಯುವವರೆಗೂ ಪ್ರತಿದಿನ ಬಳ್ಳಿಯಿಂದ ಬಳ್ಳಿಗೆ ಹೋಗಬೇಕು.

ತಾಗಿದ ಮೇಲೆ

ಪರಾಗಸ್ಪರ್ಶವಾದ ಹೂವು ಮರುದಿನ ಬಾಡಿದರೂ ಉದುರದೆ, ಒಣಗಿದ ಎಸಳುಗಳ ಸಮೇತ ಅಂಡಾಶಯದ ತುದಿಗೆ ಅಂಟಿಕೊಂಡಿರುತ್ತದೆ. ಬೆಳೆಗಾರರು ಕೆಲಸ ಫಲಿಸಿತೆಂದು ಮೊದಲು ತಿಳಿಯುವುದು ಇದರಿಂದಲೇ. ಒಳಗೆ ನಡೆಯುವುದು ಇದಕ್ಕಿಂತ ನಿಧಾನದ ಕಥೆ. ಶಲಾಕಾಗ್ರದ ಸ್ರಾವದಲ್ಲಿ ಪ್ರತಿ ಪರಾಗರೇಣುವೂ ಮೊಳೆತು ಒಂದೊಂದು ಪರಾಗನಾಳವನ್ನು ಹೊರಡಿಸುತ್ತದೆ. ಇಂಥ ನಾಳವನ್ನು ಮೊಟ್ಟಮೊದಲು ಸೂಕ್ಷ್ಮದರ್ಶಕದಲ್ಲಿ ಕಂಡವನು ಇಟಲಿಯ ಅಮೀಚಿ, 1820ರ ದಶಕದಲ್ಲಿ, ಬೇರೊಂದು ಸಸ್ಯದಲ್ಲಿ. ನಾಳಗಳು ಸ್ತಂಭದೊಳಗಿನ ಹಾದಿಯಲ್ಲಿ ಕಟ್ಟುಕಟ್ಟಾಗಿ ಇಳಿದು ಅಂಡಾಶಯವನ್ನು ಹೊಗುತ್ತವೆ. ಪ್ರತಿ ನಾಳವೂ ಎರಡು ಗಂಡು ಲಿಂಗಾಣುಗಳನ್ನು ಹೊತ್ತಿರುತ್ತದೆ.

ಇಲ್ಲಿ ಆರ್ಕಿಡ್‌ಗಳು ಬೇರೆ ಹೂಗಳಿಂದ ಮತ್ತೆ ಬೇರೆಯಾಗುತ್ತವೆ. ಸಾಸಿವೆಯ ಹೂವು ಅರಳುವಾಗಲೇ ಅದರ ಅಂಡಕಗಳು ಸಿದ್ಧವಾಗಿರುತ್ತವೆ. ವೆನಿಲ್ಲಾದಲ್ಲಿ ಹೂವು ಅರಳಿದ ದಿನ ಅಂಡಕಗಳು ಇನ್ನೂ ರೂಪುಗೊಂಡಿರುವುದಿಲ್ಲ. ಪರಾಗ ಬಂದು ತಾಗಿದ್ದೇ ಹಾರ್ಮೋನುಗಳ ಮೂಲಕ ಸೂಚನೆಯಾಗಿ, ಅಂಡಾಶಯ ಉಬ್ಬತೊಡಗುತ್ತದೆ, ಅಂಡಕಗಳು ಬೆಳೆಯತೊಡಗುತ್ತವೆ. ನಾಳಗಳು ಅಂಡಾಶಯದಲ್ಲಿ ಕಾಯುತ್ತವೆ. ನಿಷೇಚನ, ಅಂದರೆ ಗಂಡು ಲಿಂಗಾಣು ಅಂಡಕದೊಳಗಿನ ಅಂಡದೊಂದಿಗೆ ಕೂಡುವುದು, ವಾರಗಟ್ಟಲೆ ತಡವಾಗಿ ನಡೆಯುತ್ತದೆ. ಅಪರೂಪದ ಅತಿಥಿ ಬರುವುದು ಖಚಿತವಾಗುವವರೆಗೆ ಸಾವಿರಾರು ಅಂಡಕಗಳಿಗೆ ಆಹಾರ ವ್ಯಯಿಸದಿರುವ ಈ ಏರ್ಪಾಡು ನನಗೆ ರೋಸ್ಟೆಲ್ಲಮ್‌ಗಿಂತಲೂ ಹೆಚ್ಚು ಬೆರಗು ಹುಟ್ಟಿಸುತ್ತದೆ. ಪರಾಗಸ್ಪರ್ಶವನ್ನೂ ನಿಷೇಚನವನ್ನೂ ಒಂದೇ ಎಂದು ತಿಳಿಯುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬಹಳ. ಇವೆರಡರ ನಡುವೆ ಇಷ್ಟು ದೀರ್ಘವಾದ ಕಾಲ ಹಾಯುವ ಹೂವೊಂದನ್ನು ತೋರಿಸಿದರೆ ಆ ಗೊಂದಲ ಉಳಿಯದು.

ಹೂಬಿಡುವ ಸಸ್ಯಗಳಲ್ಲಿ ಸಾಮಾನ್ಯವಾಗಿ ಒಂದು ಗಂಡು ಲಿಂಗಾಣು ಅಂಡವನ್ನು ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಅಂಡಕದೊಳಗೇ ಇರುವ ಧ್ರುವ ಕೋಶಕೇಂದ್ರಗಳನ್ನು ಕೂಡಿ ಬೀಜದ ಆಹಾರವಾದ ಭ್ರೂಣಾಹಾರವಾಗುತ್ತದೆ. ಇದನ್ನು ರಷ್ಯಾದ ಸಸ್ಯವಿಜ್ಞಾನಿ ನವಾಶಿನ್ 1898ರಲ್ಲಿ ಕಂಡುಹಿಡಿದ. ಆರ್ಕಿಡ್‌ಗಳಲ್ಲಿ ಈ ಎರಡನೆಯದು ಬೆಳೆಯದೆ ನಿಂತುಹೋಗುತ್ತದೆ. ಆದ್ದರಿಂದ ವೆನಿಲ್ಲಾದ ಬೀಜದಲ್ಲಿ ಬುತ್ತಿಯಿಲ್ಲ, ಕಾಡಿನಲ್ಲಿ ಅದು ಮೊಳೆಯಲು ಶಿಲೀಂಧ್ರದ ನೆರವು ಬೇಕು. ಕೋಡು ಒಂದೆರಡು ತಿಂಗಳಲ್ಲಿ ತನ್ನ ಪೂರ್ಣ ಉದ್ದಕ್ಕೆ ಬೆಳೆದರೂ ಬಲಿಯಲು ಎಂಟರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ.

ಪರಿಣಾಮ

ಬೆಲಿಯೇ-ಬೋಮೋಂ ಎಡ್ಮಂಡ್‌ನನ್ನು ಬೇರೆ ತೋಟಗಳಿಗೂ ಕಳುಹಿಸಿ ವಿಧಾನವನ್ನು ಹೇಳಿಕೊಡಿಸಿದ. ಕೆಲವೇ ದಶಕಗಳಲ್ಲಿ ರಿಯೂನಿಯನ್ ವೆನಿಲ್ಲಾದ ದೊಡ್ಡ ನೆಲೆಯಾಯಿತು, ಅಲ್ಲಿಂದ ಬೆಳೆ ಮಡಗಾಸ್ಕರಿಗೂ ಹಬ್ಬಿತು. ಹುಡುಗನಿಗೆ ದಕ್ಕಿದ್ದು ಬಹಳ ಕಡಿಮೆ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆ ಸಿಕ್ಕಿತು, ಆಲ್ಬಿಯುಸ್ ಎಂಬ ಕುಲನಾಮ ಸಿಕ್ಕಿತು, ಹಣ ಸಿಗಲಿಲ್ಲ. ಕಳವಿನ ಪ್ರಕರಣವೊಂದರಲ್ಲಿ ಜೈಲು ಸೇರಿದಾಗ ಆತನ ಪರವಾಗಿ ಅರ್ಜಿ ಬರೆದವರಲ್ಲಿ ಬೆಲಿಯೇ-ಬೋಮೋಂ ಇದ್ದ. ದ್ವೀಪದ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ರಿಶಾರ್ ವಿಧಾನವನ್ನು ತಾನೇ ಕಲಿಸಿದ್ದೆಂದು ಹೇಳಿಕೊಂಡಾಗಲೂ ಅದನ್ನು ಬರಹದಲ್ಲಿ ಖಂಡಿಸಿದವನು ಆತನೇ. ಎಡ್ಮಂಡ್ ಆಲ್ಬಿಯುಸ್ 1880ರಲ್ಲಿ ಬಡತನದಲ್ಲೇ ತೀರಿಕೊಂಡ. ಜಗತ್ತಿನ ವೆನಿಲ್ಲಾ ಕೃಷಿಯೇ ಆತನ ಹೆಬ್ಬೆರಳಿನ ಚಲನೆಯ ಮೇಲೆ ನಿಂತಿರುವಾಗ ಈ ಅನ್ಯಾಯವನ್ನು ಅಡಿಟಿಪ್ಪಣಿಯಾಗಿ ಬಿಡುವುದು ಸರಿಯಲ್ಲ.

ಬಳ್ಳಿಯ ಮೇಲಾದ ಪರಿಣಾಮವನ್ನೂ ಹೇಳಬೇಕು. ಗೊಂಚಲಿನ ಹದಿನೈದು-ಇಪ್ಪತ್ತು ಹೂಗಳಿಗೂ ಪರಾಗಸ್ಪರ್ಶ ಮಾಡಿದರೆ ಅಷ್ಟೂ ಕಾಯಿಗಳನ್ನು ಸಾಕಲಾರದೆ ಬಳ್ಳಿ ಸೊರಗುತ್ತದೆ, ಕೋಡುಗಳು ಗಿಡ್ಡವಾಗುತ್ತವೆ. ಆದ್ದರಿಂದ ಅನುಭವಿಗಳು ಎಂಟು-ಹತ್ತು ಹೂಗಳಿಗೆ ಕೈ ನಿಲ್ಲಿಸುತ್ತಾರೆ. ಇದಕ್ಕಿಂತ ಗಂಭೀರವಾದದ್ದು ವೈವಿಧ್ಯದ ನಷ್ಟ. ಬಳ್ಳಿಯನ್ನು ಬೆಳೆಸುವುದು ತುಂಡುಗಳಿಂದ. ಕಾಯಿ ಆಗುವುದು ಸ್ವಪರಾಗದಿಂದ. ಬೀಜವನ್ನಂತೂ ಯಾರೂ ಬಿತ್ತುವುದಿಲ್ಲ. ಹೀಗಾಗಿ ತವರಿನ ಹೊರಗೆ ಬೆಳೆಯುವ ಬಳ್ಳಿಗಳ ಅನುವಂಶಿಕ ತಳಹದಿ ಬಹಳ ಇಕ್ಕಟ್ಟಾಗಿದ್ದು, ಫ್ಯುಸೇರಿಯಂ ಶಿಲೀಂಧ್ರದಿಂದ ಬೇರು ಮತ್ತು ಕಾಂಡ ಕೊಳೆಯುವ ರೋಗ ತೋಟಕ್ಕೆ ಹೊಕ್ಕರೆ ಎದುರಿಸಿ ನಿಲ್ಲುವ ಬಳ್ಳಿ ಅಲ್ಲಿ ಸಿಗುವುದು ಕಷ್ಟ. ತಳಿ ಸುಧಾರಣೆಗೆ ತೊಡಗಿದವರು ಈಗ ಅದೇ ಕಡ್ಡಿಯಿಂದ ಅದೇ ಪೊರೆಯನ್ನು ಎತ್ತುತ್ತಾರೆ. ಆದರೆ ಶಲಾಕಾಗ್ರದ ಮೇಲೆ ಒತ್ತುವುದು ಆ ಹೂವಿನದೇ ಪರಾಗವನ್ನಲ್ಲ, ಬೇರೆ ಬಳ್ಳಿಯಿಂದಲೋ ರೋಗ ತಡೆಯಬಲ್ಲ ಹತ್ತಿರದ ಪ್ರಭೇದದಿಂದಲೋ ತಂದ ಪರಾಗವನ್ನು.